ಮರ ಹತ್ತುವ ಬಳ್ಳಿಯ ಕಥೆ: ಹಗುರ ಆದ್ರೆ ಸಾಕಾ?

ನಮ್ಮ ಕಡೆ ಬಳ್ಳಿ ಅಂತ ಹೆಸರು ಒಂದೇ, ಕೆಲಸ ಮಾತ್ರ ಹತ್ತಾರು. ನೀರು ಸೇದ್ಲಿಕ್ಕೆ, ದನ ಕಟ್ಲಿಕ್ಕೆ, ಹುಲ್ಲಿನ ಹೊರೆ ಬಿಗೀಲಿಕ್ಕೆ, ಬಟ್ಟೆ ಒಣಗಿಸ್ಲಿಕ್ಕೆ. ಅಡಿಕೆ ಕೊಯ್ಲಿಗೋ ತೆಂಗಿನಕಾಯಿ ತೆಗೀಲಿಕ್ಕೋ ಜನ ಬಂದು "ಅಕ್ಕಾ, ಒಂದು ಬಳ್ಳಿ ಉಂಟಾ?" ಅಂತ ಕೇಳಿದ್ರೆ ಒಳಗಿಂದ ತಂದು ಕೊಡುವವರು ಹೆಚ್ಚಾಗಿ ನಾವೇ. ಹಾಗಾಗಿ ಈ ಬಳ್ಳಿಯ ಚರಿತ್ರೆ ಗಂಡಸರಿಗೆ ಮಾತ್ರ ಸೇರಿದ್ದಲ್ಲ.

ಮೊದಲು ಇದ್ದದ್ದು ಕತ್ತದ ಬಳ್ಳಿ. ತೆಂಗಿನ ಸಿಪ್ಪೆಯನ್ನು ಹೊಳೆ ಬದಿಯಲ್ಲಿ ತಿಂಗಳುಗಟ್ಟಲೆ ನೆನೆಹಾಕಿ, ಬಡಿದು, ನಾರು ಬಿಡಿಸಿ, ಹುರಿ ಮಾಡಿ ಹೊಸೆಯಬೇಕು. ಕರಾವಳಿಯುದ್ದಕ್ಕೂ ಈ ಬಡಿಯುವ, ಹೊಸೆಯುವ ಕೆಲಸದಲ್ಲಿ ಹೆಂಗಸರ ಕೈಯೇ ಹೆಚ್ಚು. ಕತ್ತ ಉಪ್ಪು ನೀರಿಗೂ ಬೇಗ ಕೊಳೆಯುವುದಿಲ್ಲ. ಆದರೆ ಒಂದೇ ದಪ್ಪದ ಬೇರೆ ನಾರಿನ ಬಳ್ಳಿಗಿಂತ ಬಲ ಕಮ್ಮಿ, ನೆನೆದ್ರೆ ಭಾರ. ಬಲ ಬೇಕಂದ್ರೆ ದಪ್ಪ ಮಾಡಬೇಕು, ದಪ್ಪ ಆದ್ರೆ ಹೊತ್ತುಕೊಂಡು ಹತ್ಲಿಕ್ಕೆ ಆಗುವುದಿಲ್ಲ. ಅದಕ್ಕೇ ಅಡಿಕೆ ಮರ ಹತ್ತುವವರು ಕಾಲಿಗೆ ತಳೆ ಹಾಕಿಕೊಂಡು, ಕೈಬಲದಲ್ಲೇ 40-50 ಅಡಿ ಏರುತ್ತಿದ್ದರು. ಸೊಂಟಕ್ಕೆ ರಕ್ಷಣೆಯ ಬಳ್ಳಿ ಕಟ್ಟುವ ಕ್ರಮ ಹೆಚ್ಚಿನ ಕಡೆ ಇರಲೇ ಇಲ್ಲ. ಬಳ್ಳಿ ಇದ್ದದ್ದು ಕೊನೆ ಇಳಿಸ್ಲಿಕ್ಕೆ, ಮನುಷ್ಯನನ್ನು ಉಳಿಸ್ಲಿಕ್ಕೆ ಅಲ್ಲ.

ಮಳೆಗಾಲದಲ್ಲಿ ಹತ್ತುವ ಕೆಲಸ ಹೆಚ್ಚಾದದ್ದು ಕೊಳೆರೋಗದ ಮದ್ದಿನಿಂದ. ಅದಕ್ಕೆ ಮುಂಚೆ ಮಳೆ ಹಿಡಿಯುವ ಮೊದಲೇ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. 1885ರ ಹೊತ್ತಿಗೆ ಫ್ರಾನ್ಸಿನ ಬೋರ್ಡೋದಲ್ಲಿ ದ್ರಾಕ್ಷಿ ಬಳ್ಳಿಗೆ ಅಂತ ಮೈಲುತುತ್ತು-ಸುಣ್ಣದ ದ್ರಾವಣ ಬಂತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ಬಳಸಿ ತೋರಿಸಿದರು. ಬೆಳೆ ಉಳಿಯಿತು, ಸಂಸಾರಗಳು ಉಳಿದವು. ಆದರೆ ಜಾರುವ ಮರವನ್ನು ಮಳೆಯ ಎಡೆಯಲ್ಲಿ ಎರಡು ಮೂರು ಸಲ ಹತ್ತುವ ಕೆಲಸವೂ ಜೊತೆಗೇ ಬಂತು.

ಹೊರದೇಶಗಳಲ್ಲಿ ದೊಡ್ಡ ಮರ ಸವರುವವರು ಮನಿಲಾ ಬಳ್ಳಿ ಕಟ್ಟಿಕೊಳ್ಳುತ್ತಿದ್ದರು. ಅದು ಫಿಲಿಪ್ಪೀನ್ಸಿನ ಅಬಾಕಾ ಅನ್ನುವ ಬಾಳೆಯ ಜಾತಿಯ ಗಿಡದ ನಾರು. ಗಟ್ಟಿ ಹೌದು, ಆದರೆ ನೆನೆದರೆ ಊದಿ ಸೆಟೆದುಕೊಳ್ಳುತ್ತದೆ, ಗಂಟು ಬಿಚ್ಚುವುದೇ ಕಷ್ಟ. ಹೊರಗೆ ಚಂದ ಕಂಡರೂ ಒಳಗೆ ಕೊಳೆತಿರಬಹುದು.

ಇದೆಲ್ಲ ಬದಲಾದದ್ದು ನೈಲಾನಿನಿಂದ. 1935ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪೆನಿಯಲ್ಲಿ ವ್ಯಾಲೇಸ್ ಕ್ಯಾರೊದರ್ಸ್ ಅವರ ತಂಡ ಅದನ್ನು ಮಾಡಿತು. 1940ರಲ್ಲಿ ಅಂಗಡಿಗೆ ಬಂದದ್ದು ಹೆಂಗಸರ ಕಾಲುಚೀಲವಾಗಿ! ಮತ್ತೆ ಯುದ್ಧ ಬಂತು, ನೈಲಾನೆಲ್ಲ ಪ್ಯಾರಾಚೂಟಿಗೆ, ಹಗ್ಗಕ್ಕೆ ಹೋಯಿತು. ಯುದ್ಧ ಮುಗಿದ ಮೇಲೆ ಬೆಟ್ಟ ಹತ್ತುವವರ ಕೈಗೆ ಸಿಕ್ಕಿತು. ನೈಲಾನ್ ಎಳೆದರೆ ಹಿಗ್ಗುತ್ತದೆ. ಬೆಟ್ಟದಿಂದ ಜಾರಿ ಬೀಳುವವನಿಗೆ ಅದು ಒಳ್ಳೆಯದು, ಜರ್ಕು ತಿನ್ನುವುದಿಲ್ಲ. ಮರದಲ್ಲಿ ನೇತುಕೊಂಡು ಗರಗಸ ಹಿಡಿದವನಿಗೆ ಮಾತ್ರ ತೊಟ್ಟಿಲ ಹಾಗೆ ಆಡಿದರೆ ಕೆಲಸ ಆಗುವುದು ಹೇಗೆ? ಅಲ್ಲಿ ಕಡಿಮೆ ಹಿಗ್ಗುವ ಪಾಲಿಯೆಸ್ಟರ್ ಬೇಕಾಯಿತು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದದ್ದು ಇದನ್ನೇ, ನಮ್ಮ ಟೆರಿಕಾಟ್ ಬಟ್ಟೆಯ ಅಜ್ಜ. 1953ರಲ್ಲಿ ಜರ್ಮನಿಯ ಎಡೆಲ್ರಿಡ್ ಕಂಪೆನಿ ಒಳಗೆ ಎಳೆ, ಹೊರಗೆ ಜಡೆಯ ಹಾಗೆ ಹೆಣೆದ ಹೊದಿಕೆ ಇರುವ ಬಳ್ಳಿ ತಂದಿತು. ಮೇಲ್ಹೊದಿಕೆ ಸವೆದ್ರೂ ಒಳಗಿನ ಜೀವಕ್ಕೆ ಕೂಡಲೇ ಏನೂ ಆಗುವುದಿಲ್ಲ.

ಈಗ ನಮ್ಮ ಪೇಟೆಯ ಹಳದಿ, ನೀಲಿ ಬಣ್ಣದ ಪ್ಲಾಸ್ಟಿಕ್ ಬಳ್ಳಿಗೆ ಬರುವ. ಹೆಚ್ಚಿನದು ಪಾಲಿಪ್ರೊಪಿಲೀನ್. 1954ರಲ್ಲಿ ಇಟಲಿಯ ಜೂಲಿಯೊ ನಟ್ಟಾ ಇದನ್ನು ಸಾಧಿಸಿದರು, 1963ರಲ್ಲಿ ನೊಬೆಲ್ ಹಂಚಿಕೊಂಡರು. ನೀರಿಗಿಂತ ಹಗುರ, ಬಾವಿಗೆ ಬಿದ್ರೆ ತೇಲುತ್ತದೆ. ಕ್ರಯವೂ ಕಮ್ಮಿ. ಹಾಗಾಗಿ ಎಲ್ಲರಿಗೂ ಇಷ್ಟ. ಆದರೆ ಬಿಸಿಲಲ್ಲಿ ಬಿಟ್ಟರೆ ಎಳೆ ಪುಡಿ ಪುಡಿ ಆಗುತ್ತದೆ, ಗಂಟು ಜಾರುತ್ತದೆ, 165 ಡಿಗ್ರಿ ಹತ್ತಿರವೇ ಕರಗುತ್ತದೆ. ಪಾಲಿಯೆಸ್ಟರ್ ಕರಗ್ಲಿಕ್ಕೆ 250 ದಾಟಬೇಕು. ಬಳ್ಳಿಯ ಮೇಲೆ ಬಳ್ಳಿ ಉಜ್ಜಿಕೊಂಡು ಸರ್ರನೆ ಇಳಿದ್ರೆ ಎಷ್ಟು ಬಿಸಿಯಾಗುತ್ತದೆ ಅಂತ ಅಂಗೈ ಸುಟ್ಟುಕೊಂಡವರಿಗೆ ಗೊತ್ತುಂಟು. ಕೊಡಪಾನಕ್ಕೆ ಹಗುರ ಬಳ್ಳಿ ಸಾಕು, ಮನುಷ್ಯನಿಗೆ ಸಾಲದು.

ಇನ್ನೂ ಹಗುರ, ಇನ್ನೂ ಗಟ್ಟಿ ಬೇಕು ಅಂತ ಹುಡುಕಾಟ ನಿಲ್ಲಲಿಲ್ಲ. ತೂಕಕ್ಕೆ ತೂಕ ನೋಡಿದ್ರೆ ಉಕ್ಕಿಗಿಂತ ಬಲವಾದ ಡೈನೀಮಾ ಬಂತು. ಅದಕ್ಕೆ ಹಿಗ್ಗೇ ಇಲ್ಲ, ಬಿಸಿಯೂ ತಡೆಯುವುದಿಲ್ಲ. ಬಿಸಿ ತಡೆಯುವ ಕೆವ್ಲಾರನ್ನು 1965ರಲ್ಲಿ ಕಂಡುಹಿಡಿದವರು ಸ್ಟೆಫನಿ ಕ್ವೊಲೆಕ್ ಎಂಬ ಹೆಂಗಸು, ಇದನ್ನು ಮಕ್ಕಳಿಗೆ ಹೇಳಿ. ಅದೇ ಜಾತಿಯ ಎಳೆಯನ್ನು ಈಗ ಉಜ್ಜುವ ಗಂಟಿನ ತುಂಡುಬಳ್ಳಿಗೆ ಬಳಸುತ್ತಾರೆ.

ಹಾಗಾದ್ರೆ ಎಷ್ಟು ಸಪೂರ ಆಗಬಹುದು? ಅಮೆರಿಕದ ಮರಗೆಲಸದ ನಿಯಮದಲ್ಲಿ ಅರ್ಧ ಇಂಚು ದಪ್ಪ, 5,400 ಪೌಂಡಿನ ಬಲ ಅಂತ ಇಟ್ಟಿದ್ದರು. ಮತ್ತೆ ತರಬೇತಿ ಇದ್ದವರಿಗೆ 11 ಮಿಲಿಮೀಟರಿಗೂ ದಾರಿ ಬಿಟ್ಟರು. ಯುರೋಪಿನ ನಿಯಮದಲ್ಲಿ ಹೊಸ ಬಳ್ಳಿ ಸುಮಾರು 2,200 ಕಿಲೋ ತಡೆಯಬೇಕು. 60 ಕಿಲೋ ಮನುಷ್ಯನಿಗೆ ಇಷ್ಟು ಎಂತಕ್ಕೆ ಅಂತ ಕೇಳಬಹುದು. ಗಂಟು ಹಾಕಿದಲ್ಲಿ ಬಲ ಇಳಿಯುತ್ತದೆ, ಬಿದ್ದಾಗಿನ ಜರ್ಕು ತೂಕದ ಹಲವು ಪಟ್ಟು, ಬಿಸಿಲು-ಸವೆತ ಬೇರೆ. 30 ಮೀಟರಿನ 13 ಮಿಲಿಮೀಟರ್ ಬಳ್ಳಿಗೂ 11ರದ್ದಕ್ಕೂ ತೂಕದ ವ್ಯತ್ಯಾಸ ಸುಮಾರು ಒಂದು ಸೇರು ಅಕ್ಕಿಯಷ್ಟು. ದಿನವಿಡೀ ಹತ್ತಿ ಇಳಿಯುವವನಿಗೆ ಅದು ಸಣ್ಣದಲ್ಲ. ಆದರೆ 11ಕ್ಕಿಂತ ಸಪೂರ ಆದ್ರೆ ಕೈಗೆ ಹಿಡಿತ ಸಿಗುವುದು ಕಷ್ಟ. ಹಗುರ ಬೇಕು, ಆದರೆ ಹಿಡಿತ ಬಿಟ್ಟುಕೊಟ್ಟು ಅಲ್ಲ.

2011ರಿಂದ ತೆಂಗು ಅಭಿವೃದ್ಧಿ ಮಂಡಳಿಯವರು ಮರ ಹತ್ತುವ ಯಂತ್ರದ ತರಬೇತಿ ಕೊಡ್ಲಿಕ್ಕೆ ಶುರು ಮಾಡಿದ ಮೇಲೆ ಹೆಂಗಸರೂ ಮರ ಹತ್ತಿದ್ದಾರೆ. ಅಂದ್ರೆ ನಾಳೆ ಬಳ್ಳಿಯ ಆ ತುದಿಯಲ್ಲಿ ನಮ್ಮ ಮಗಳೂ ಇರಬಹುದು.

ಮನುಷ್ಯ ಹತ್ತುವ ಬಳ್ಳಿ ಬೇರೆಯೇ ಇರಲಿ. ತುದಿಗೆ ಕೆಂಪು ನೂಲು ಸುತ್ತಿ ಗುರುತು ಮಾಡಿ, ದನಕ್ಕೆ, ಕೊಡಪಾನಕ್ಕೆ ಕೊಡಬೇಡಿ. ಬಿಸಿಲಿಗೆ ಹಾಕದೆ ನೆರಳಲ್ಲಿ ಒಣಗಿಸಿ, ಬ್ಯಾಟರಿ ನೀರು, ಮೈಲುತುತ್ತಿನ ಹತ್ತಿರ ಇಡಬೇಡಿ. ಕೊಡುವ ಮೊದಲು ಉದ್ದಕ್ಕೂ ಕೈಯಾಡಿಸಿ ನೋಡಿ: ಎಲ್ಲಾದ್ರೂ ಮೆತ್ತಗೆ, ಗಟ್ಟಿ ಗಂಟು, ಕರಗಿ ಹೊಳಪು ಬಂದ ಜಾಗ ಸಿಕ್ಕಿದ್ರೆ, ಅಥವಾ ಒಮ್ಮೆ ಯಾರಾದ್ರೂ ಜೋರಾಗಿ ಬಿದ್ದಿದ್ದರೆ, ತುಂಡು ಮಾಡಿ ಬಟ್ಟೆ ಒಣಗಿಸ್ಲಿಕ್ಕೆ ಕಟ್ಟಿ. ಹತ್ತುವವನಿಗೂ ಮನೆಯಲ್ಲಿ ಕಾಯುವವರು ಇದ್ದಾರೆ.