ನೋಡ್ ಆಧಾರಿತ ಗ್ರಾಫಿಕ್ಸ್ ಪ್ರೋಗ್ರಾಮಿಂಗ್: ಮರುಬಳಕೆಯ ಘಟಕಗಳ ಇತಿಹಾಸ

ಸಾಲುಸಾಲಾಗಿ ಕೋಡ್ ಬರೆಯುವ ಬದಲು, ಒಂದೊಂದು ಕೆಲಸಕ್ಕೆ ಒಂದೊಂದು ಚೌಕವನ್ನು ಪರದೆಯ ಮೇಲಿಟ್ಟು, ಅವುಗಳ ನಡುವೆ ತಂತಿ ಎಳೆದು ಚಿತ್ರ, ಅನಿಮೇಶನ್, ವಿಡಿಯೊ ಪರಿಣಾಮ ಅಥವಾ ಮೂರು ಆಯಾಮದ ಆಕಾರವನ್ನು ರೂಪಿಸುವ ವಿಧಾನಕ್ಕೆ ನೋಡ್ ಆಧಾರಿತ ಗ್ರಾಫಿಕ್ಸ್ ಪ್ರೋಗ್ರಾಮಿಂಗ್ ಎಂದು ಹೆಸರು. ಚೌಕವೇ ನೋಡ್. ಅದರ ಒಂದು ಬದಿಯಿಂದ ಮಾಹಿತಿ ಒಳಬರುತ್ತದೆ, ಇನ್ನೊಂದು ಬದಿಯಿಂದ ಫಲಿತಾಂಶ ಹೊರಹೋಗುತ್ತದೆ. ಹಲವು ನೋಡ್‌ಗಳನ್ನು ಒಟ್ಟುಕಟ್ಟಿ ಒಂದೇ ನೋಡ್‌ನಂತೆ ಎಲ್ಲಿ ಬೇಕಾದರೂ ಬಳಸಲು ಬರುವಂತೆ ಮಾಡಿದರೆ ಅದು ಮರುಬಳಕೆಯ ಘಟಕವಾಗುತ್ತದೆ. ತಂತ್ರಾಂಶಕ್ಕೆ ತಕ್ಕಂತೆ ಇದನ್ನು ಮ್ಯಾಕ್ರೊ, ಗ್ರೂಪ್, ಗಿಜ್ಮೊ, ಕ್ಲಸ್ಟರ್, ಸಬ್‌ಗ್ರಾಫ್, ಡಿಜಿಟಲ್ ಅಸೆಟ್ ಎಂದೆಲ್ಲ ಕರೆಯುತ್ತಾರೆ.

ಈ ಕ್ಷೇತ್ರದ ಅರವತ್ತು ವರ್ಷಗಳ ಇತಿಹಾಸದ ಉದ್ದಕ್ಕೂ ಎರಡು ಪ್ರಶ್ನೆಗಳು ಕಾಣುತ್ತವೆ. ಒಮ್ಮೆ ಮಾಡಿದ್ದನ್ನು ಮತ್ತೆ ಮಾಡದೆ ಬಳಸುವುದು ಹೇಗೆ? ಅದನ್ನು ಮಾಡದ ಇನ್ನೊಬ್ಬರಿಗೂ ಅದು ಸುಲಭವಾಗಿ ಒದಗುವುದು ಹೇಗೆ? ಮೊದಲ ಪ್ರಶ್ನೆಗೆ 1963ರಲ್ಲೇ ಉತ್ತರ ಸಿಕ್ಕಿತು. ಎರಡನೆಯದಕ್ಕೆ ಹುಡುಕಾಟ ಇಂದಿಗೂ ನಡೆದಿದೆ.

ಮೊದಲ ಹೆಜ್ಜೆಗಳು

ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ 1963ರಲ್ಲಿ ತಮ್ಮ ಪಿಎಚ್‌ಡಿ ಪ್ರಬಂಧಕ್ಕಾಗಿ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯನ್ನು ಸಿದ್ಧಪಡಿಸಿದರು. ಟಿಎಕ್ಸ್-2 ಎಂಬ ಕಂಪ್ಯೂಟರಿನ ಪರದೆಯ ಮೇಲೆ ಲೈಟ್ ಪೆನ್ನಿನಿಂದ ಗೆರೆ ಎಳೆಯಲು ಅದರಲ್ಲಿ ಸಾಧ್ಯವಿತ್ತು. ಒಂದು ಮೂಲಚಿತ್ರವನ್ನು ಬರೆದಿಟ್ಟುಕೊಂಡು ಅದರ ಎಷ್ಟು ಪ್ರತಿಗಳನ್ನಾದರೂ ಹಾಳೆಯ ಮೇಲೆ ಇಡಬಹುದಿತ್ತು. ಮೂಲವನ್ನು ತಿದ್ದಿದರೆ ಪ್ರತಿಗಳೆಲ್ಲ ತಾವಾಗಿಯೇ ತಿದ್ದಿಕೊಳ್ಳುತ್ತಿದ್ದವು. ಇಂದಿನ ಪ್ರತಿಯೊಂದು ನೋಡ್ ಗ್ರೂಪಿನ ಹಿಂದಿರುವುದು ಇದೇ ತತ್ವ. ಐವನ್ ಅವರ ಅಣ್ಣ ಬರ್ಟ್ ಸದರ್‌ಲ್ಯಾಂಡ್ 1966ರಲ್ಲಿ ಅದೇ ಎಂಐಟಿಗೆ ಸಲ್ಲಿಸಿದ ಪ್ರಬಂಧದಲ್ಲಿ, ಲೆಕ್ಕಾಚಾರದ ಕ್ರಮವನ್ನೇ ಚಿತ್ರವಾಗಿ ಬರೆದು ಕಂಪ್ಯೂಟರಿನಿಂದ ನಡೆಸಬಹುದೆಂದು ತೋರಿಸಿದರು. ಮಾಹಿತಿ ತಂತಿಯಲ್ಲಿ ಹರಿಯುತ್ತದೆ ಎಂಬ ಕಲ್ಪನೆ ಅಲ್ಲಿ ರೂಪ ಪಡೆಯಿತು.

ಚಿತ್ರ ತಯಾರಿಕೆಗೆ ಈ ಕಲ್ಪನೆ ಬಂದದ್ದು 1980ರ ದಶಕದಲ್ಲಿ. ಲ್ಯೂಕಾಸ್‌ಫಿಲ್ಮ್‌ನಲ್ಲಿದ್ದ ರಾಬರ್ಟ್ ಕುಕ್ 1984ರಲ್ಲಿ ‘ಶೇಡ್ ಟ್ರೀಸ್’ ಎಂಬ ಪ್ರಬಂಧ ಮಂಡಿಸಿದರು. ಮರ, ತಾಮ್ರ, ಚರ್ಮ ಮುಂತಾದ ವಸ್ತುಗಳ ಮೇಲೆ ಬೆಳಕು ಬಿದ್ದಾಗ ಕಾಣುವ ಬಣ್ಣಕ್ಕೆ ಒಂದೇ ದೊಡ್ಡ ಸೂತ್ರವನ್ನು ಬರೆಯುವ ಬದಲು, ಸಣ್ಣ ಸಣ್ಣ ಕ್ರಿಯೆಗಳನ್ನು ಮರದ ಕೊಂಬೆಗಳಂತೆ ಜೋಡಿಸಬಹುದೆಂಬುದು ಅವರ ವಾದ. 1990ರಲ್ಲಿ ಗ್ರೆಗರಿ ಏಬ್ರಮ್ ಮತ್ತು ಟರ್ನರ್ ವಿಟೆಡ್ ಈ ಕ್ರಿಯೆಗಳನ್ನು ಪರದೆಯ ಮೇಲೆ ಚೌಕಗಳಾಗಿ ಜೋಡಿಸುವ ವಿಧಾನವನ್ನು ಪ್ರಕಟಿಸಿದರು. ಈ ನಡುವೆ, 1988ರಲ್ಲಿ, ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯ ಪಾಲ್ ಹೇಬರ್ಲಿ ‘ಕಾನ್‌ಮ್ಯಾನ್’ ಎಂಬ ದೃಶ್ಯ ಭಾಷೆಯನ್ನು ತಂದರು. ಅದರಲ್ಲಿ ಪರದೆಯ ಮೇಲಿನ ಪುಟ್ಟ ಪ್ರೋಗ್ರಾಮುಗಳನ್ನು ತಂತಿಯಿಂದ ಬೆಸೆದು, ಓಡುತ್ತಿರುವಾಗಲೇ ಬದಲಿಸಬಹುದಿತ್ತು.

ಇದೇ ಹೊತ್ತಿಗೆ ಪಕ್ಕದ ಕ್ಷೇತ್ರಗಳಲ್ಲೂ ಈ ವಿಧಾನ ಬೇರೂರಿತು. ಅಳತೆ ಉಪಕರಣಗಳ ನಿಯಂತ್ರಣಕ್ಕಾಗಿ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ 1986ರಲ್ಲಿ ಲ್ಯಾಬ್‌ವ್ಯೂ ಬಿಡುಗಡೆ ಮಾಡಿತು. ಪ್ಯಾರಿಸ್ಸಿನ ಇರ್ಕಾಮ್ ಸಂಸ್ಥೆಯಲ್ಲಿ ಮಿಲ್ಲರ್ ಪಕೆಟ್ ಸಂಗೀತಕ್ಕಾಗಿ ‘ಮ್ಯಾಕ್ಸ್’ ಬರೆದರು. ಲ್ಯಾಬ್‌ವ್ಯೂನಲ್ಲಿ ಒಂದು ಇಡೀ ಚಿತ್ರವನ್ನು ಮಡಚಿ ಪುಟ್ಟ ಐಕಾನ್ ಆಗಿಸಿ ಇನ್ನೊಂದು ಚಿತ್ರದೊಳಗೆ ಇಡಬಹುದಿತ್ತು. ಘಟಕಕ್ಕೆ ಹೊರಗೊಂದು ಮುಖ, ಒಳಗೊಂದು ರಚನೆ ಎಂಬ ವಿಂಗಡಣೆ ಹೀಗೆ ದಿನಬಳಕೆಗೆ ಬಂತು.

ಚಿತ್ರವಾದ ಮಾತ್ರಕ್ಕೆ ಸುಲಭವೇ?

ಚಿತ್ರರೂಪದ ಪ್ರೋಗ್ರಾಮ್ ಎಲ್ಲರಿಗೂ ತಾನಾಗಿ ಅರ್ಥವಾಗುತ್ತದೆಂಬ ನಂಬಿಕೆ ಆರಂಭದಲ್ಲಿ ಬಲವಾಗಿತ್ತು. ಬ್ರಿಟನ್ನಿನ ಥಾಮಸ್ ಗ್ರೀನ್ ಮತ್ತು ಮೇರಿಯನ್ ಪೀಟರ್ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ಕೆಲವು ಸಂದರ್ಭಗಳಲ್ಲಿ ಚಿತ್ರರೂಪದ ಪ್ರೋಗ್ರಾಮನ್ನು ಓದುವುದು ಪಠ್ಯರೂಪಕ್ಕಿಂತ ಕಷ್ಟ ಎಂದು 1992ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ತೋರಿಸಿತು. 1996ರಲ್ಲಿ ಇಬ್ಬರೂ ಸೇರಿ ಬರೆದ ದೀರ್ಘ ಪ್ರಬಂಧ ದೃಶ್ಯ ಪ್ರೋಗ್ರಾಮಿಂಗಿನ ಬಳಕೆ ಸುಲಭತೆಯನ್ನು ಅಳೆಯುವ ಒರೆಗಲ್ಲಾಯಿತು.

ಅವರು ಕೊಟ್ಟ ಅಳತೆಗಳಲ್ಲಿ ಮೂರು ಘಟಕಗಳಿಗೆ ನೇರವಾಗಿ ಸಂಬಂಧಿಸಿದವು. ಮೊದಲನೆಯದು ಬಿಗಿತ: ಒಂದು ಸಣ್ಣ ಬದಲಾವಣೆಗೆ ಎಷ್ಟು ಕಡೆ ಕೈಯಾಡಿಸಬೇಕು? ನಡುವೆ ಒಂದು ನೋಡ್ ಸೇರಿಸಲು ಹತ್ತು ಚೌಕಗಳನ್ನು ಸರಿಸಿ ತಂತಿಗಳನ್ನು ಮತ್ತೆ ಎಳೆಯಬೇಕಾದರೆ ಬಿಗಿತ ಹೆಚ್ಚು. ಎರಡನೆಯದು ಮರೆಯಾದ ನಂಟು: ಇಲ್ಲಿ ತಿದ್ದಿದರೆ ಬೇರೆಲ್ಲಿ ಪರಿಣಾಮವಾಗುತ್ತದೆಂದು ಕಾಣುತ್ತದೆಯೇ? ಮೂರನೆಯದು ಅಮೂರ್ತತೆಯ ಹೊರೆ: ಕೆಲಸ ಶುರುಮಾಡುವ ಮುನ್ನ ಎಷ್ಟು ಹೊಸ ಕಲ್ಪನೆಗಳನ್ನು ಕಲಿಯಬೇಕು? ಘಟಕ ಮೊದಲ ಕಷ್ಟವನ್ನು ಇಳಿಸುತ್ತದೆ, ಆದರೆ ಉಳಿದೆರಡನ್ನು ಏರಿಸುತ್ತದೆ. ಎಲ್ಲವನ್ನೂ ಗ್ರೂಪುಗಳೊಳಗೆ ಮಡಚಿಟ್ಟರೆ ಪರದೆ ಅಚ್ಚುಕಟ್ಟಾಗಿ ಕಾಣುತ್ತದೆ. ತಪ್ಪು ಎಲ್ಲಿದೆಯೆಂದು ಹುಡುಕುವವರು ಮಾತ್ರ ಒಂದೊಂದೇ ಪದರ ಬಿಚ್ಚುತ್ತಾ ಹೋಗಬೇಕಾಗುತ್ತದೆ.

ಸ್ಟುಡಿಯೊಗಳಿಂದ ಎಲ್ಲರ ಕೈಗೆ

1990ರ ದಶಕದಲ್ಲಿ ಸಿನಿಮಾ ಸ್ಟುಡಿಯೊಗಳು ಈ ವಿಧಾನವನ್ನು ತಮ್ಮದಾಗಿಸಿಕೊಂಡವು. ಡಿಜಿಟಲ್ ಡೊಮೈನ್ ಸ್ಟುಡಿಯೊ 1993ರಲ್ಲಿ ತನ್ನ ಒಳಬಳಕೆಗೆಂದು ಬರೆದ ‘ನ್ಯೂಕ್’ ಮುಂದೆ ದೃಶ್ಯಗಳನ್ನು ಪದರಪದರವಾಗಿ ಬೆಸೆಯುವ ಕಾಂಪೋಸಿಟಿಂಗ್ ಕೆಲಸದ ಪ್ರಮುಖ ತಂತ್ರಾಂಶವಾಯಿತು. ಅದರ ಮರುಬಳಕೆಯ ಘಟಕಕ್ಕೆ ಗಿಜ್ಮೊ ಎನ್ನುತ್ತಾರೆ. ಟೊರೊಂಟೊದ ಸೈಡ್ ಎಫೆಕ್ಟ್ಸ್ 1996ರಲ್ಲಿ ತಂದ ‘ಹೂಡಿನಿ’ ಕೆಲವು ವರ್ಷಗಳಲ್ಲಿ ಡಿಜಿಟಲ್ ಅಸೆಟ್ ಎಂಬ ಘಟಕವನ್ನು ಸೇರಿಸಿಕೊಂಡಿತು. ಹೊಗೆ, ನೀರು, ಕಟ್ಟಡ ಇವುಗಳಲ್ಲಿ ಯಾವುದನ್ನೇ ಆಗಲಿ, ಅದನ್ನು ಹುಟ್ಟಿಸುವ ಇಡೀ ಕ್ರಮವನ್ನು ಒಂದು ಫೈಲಿನಲ್ಲಿ ಕಟ್ಟಿಕೊಟ್ಟು, ಹೊಸ ಆವೃತ್ತಿ ಬಂದಾಗ ಎಲ್ಲ ದೃಶ್ಯಗಳಲ್ಲೂ ಒಮ್ಮೆಗೇ ಬದಲಿಸುವ ವ್ಯವಸ್ಥೆ ಇದು.

ಸಾಮಾನ್ಯ ಬಳಕೆದಾರರ ಕಂಪ್ಯೂಟರಿಗೆ ಈ ವಿಧಾನವನ್ನು ತಂದವುಗಳಲ್ಲಿ ‘ಕ್ವಾರ್ಟ್ಜ್ ಕಂಪೋಸರ್’ ಮುಖ್ಯವಾದುದು. ಪಿಯರ್-ಒಲಿವಿಯರ್ ಲಾಟೂರ್ ಬರೆದಿದ್ದ ‘ಪಿಕ್ಸೆಲ್‌ಶಾಕ್ಸ್’ನಿಂದ ಹುಟ್ಟಿದ ಇದನ್ನು ಆಪಲ್ 2005ರಲ್ಲಿ ಮ್ಯಾಕ್ ಒಎಸ್ ಟೆನ್ ಟೈಗರ್ ಜೊತೆ ಕೊಟ್ಟಿತು. ನೋಡ್‌ಗಳನ್ನು ಮ್ಯಾಕ್ರೊ ಒಳಗೆ ಮಡಚಿ, ಮಾಹಿತಿ ಒಳಬರುವ, ಹೊರಹೋಗುವ ಕಿಂಡಿಗಳಲ್ಲಿ ಬೇಕಾದವನ್ನಷ್ಟೇ ಹೊರಗೆ ತೋರಿಸಲು ಅದರಲ್ಲಿ ಅವಕಾಶವಿತ್ತು. 2013ರಲ್ಲಿ ಫೇಸ್‌ಬುಕ್ ತನ್ನ ‘ಒರಿಗಾಮಿ’ ವಿನ್ಯಾಸ ಸಾಧನವನ್ನು ಇದರ ಮೇಲೆಯೇ ಕಟ್ಟಿತು. 2019ರಲ್ಲಿ ಆಪಲ್ ಇದನ್ನು ಹಳತೆಂದು ಘೋಷಿಸಿತು. ಒಂದೇ ಕಂಪನಿಯ ತಂತ್ರಾಂಶದೊಳಗೆ ಕಟ್ಟಿದ ಘಟಕದ ಆಯುಷ್ಯ ಆ ಕಂಪನಿಯ ತೀರ್ಮಾನಕ್ಕೆ ಒಳಪಟ್ಟಿರುತ್ತದೆ ಎಂಬ ಪಾಠವನ್ನು ಬಳಕೆದಾರರು ಆಗ ಕಲಿತರು.

ವಾಸ್ತುಶಿಲ್ಪಿಗಳಿಗಾಗಿ ಡೇವಿಡ್ ರಟನ್ 2007ರಲ್ಲಿ ‘ಗ್ರಾಸ್‌ಹಾಪರ್’ ತಂದರು. ಮುಕ್ತ ತಂತ್ರಾಂಶವಾದ ಬ್ಲೆಂಡರ್ 2006ರ 2.42ನೇ ಆವೃತ್ತಿಯಲ್ಲಿ ನೋಡ್‌ಗಳನ್ನು ಅಳವಡಿಸಿಕೊಂಡು, 2021ರಲ್ಲಿ ಜಿಯೊಮೆಟ್ರಿ ನೋಡ್‌ಗಳನ್ನೂ ಘಟಕಗಳನ್ನು ಜೋಡಿಸಿಡುವ ಅಸೆಟ್ ಬ್ರೌಸರನ್ನೂ ಸೇರಿಸಿತು. ಹಣ ಕೊಟ್ಟು ಲೈಸೆನ್ಸ್ ಕೊಳ್ಳಲಾಗದ ವಿದ್ಯಾರ್ಥಿಗೂ ದೊಡ್ಡ ಸ್ಟುಡಿಯೊಗಳ ಕೆಲಸದ ಕ್ರಮ ಹೀಗೆ ನಿಲುಕಿತು.

ಘಟಕದ ಮುಖ

ಸಿನಿಮಾ ದೃಶ್ಯವೊಂದಕ್ಕೆ ಮಳೆ ಸುರಿಸುವ ಘಟಕವನ್ನು ಗಮನಿಸಿದರೆ ಬಳಕೆ ಸುಲಭತೆಯ ಪ್ರಶ್ನೆ ಸ್ಪಷ್ಟವಾಗುತ್ತದೆ. ಒಳಗೆ ನೂರಾರು ನೋಡ್‌ಗಳಿರಬಹುದು: ಹನಿಗಳನ್ನು ಹುಟ್ಟಿಸುವವು, ಗಾಳಿಗೆ ಓರೆಯಾಗಿಸುವವು, ದೂರದ ಹನಿಗಳನ್ನು ಮಸುಕಾಗಿಸುವವು, ಕ್ಯಾಮೆರಾದ ಚಲನೆಗೆ ಹೊಂದಿಸುವವು. ಬಳಸುವವರಿಗೆ ಬೇಕಾದದ್ದು ಮಳೆಯ ಬಿರುಸು, ಗಾಳಿಯ ದಿಕ್ಕು, ಹನಿಯ ಗಾತ್ರ, ಬೆಳಕು ಈ ನಾಲ್ಕೈದು ಗುಂಡಿಗಳು ಮಾತ್ರ. ನೂರು ಗುಂಡಿಗಳನ್ನೂ ಹೊರಗಿಟ್ಟರೆ ಹೊಸಬರು ಗಲಿಬಿಲಿಗೊಳ್ಳುತ್ತಾರೆ. ಒಂದನ್ನೇ ಇಟ್ಟರೆ ಮುಂಗಾರಿನ ಜಡಿಮಳೆಗೆ ಮಾಡಿದ್ದು ಸೋನೆಗೆ ಒಗ್ಗುವುದಿಲ್ಲ, ಕೊನೆಗೆ ಕಲಾವಿದರು ಅದನ್ನು ಬಿಚ್ಚಿ ನಕಲು ಮಾಡಿಕೊಳ್ಳುತ್ತಾರೆ. ನಕಲಾದೊಡನೆ ಮೂಲದ ಜೊತೆಗಿನ ನಂಟು ಕಡಿದು ಮರುಬಳಕೆಯ ಲಾಭವೇ ಹೋಗುತ್ತದೆ.

1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತಯಾರಿಸುತ್ತಿದ್ದಂಥ ಲೇತ್ ಯಂತ್ರದಲ್ಲೂ ಇದೇ ವಿವೇಕವಿದೆ. ಹಲ್ಲುಚಕ್ರಗಳೆಲ್ಲ ಹೆಡ್‌ಸ್ಟಾಕಿನ ಒಳಗಿರುತ್ತವೆ, ಕೆಲಸಗಾರನ ಕೈಗೆ ಸಿಗುವುದು ವೇಗ ಬದಲಿಸುವ ಕೆಲವೇ ಲಿವರ್‌ಗಳು. ಆ ಲಿವರ್‌ಗಳು ಯಾವುವೆಂದು ತೀರ್ಮಾನಿಸಲು ಯಂತ್ರದ ಜ್ಞಾನದಷ್ಟೇ ಕೆಲಸಗಾರನ ದಿನಚರಿಯ ಅರಿವೂ ಬೇಕು. ನೋಡ್ ತಂತ್ರಾಂಶಗಳು ಇದನ್ನು ನಿಧಾನವಾಗಿ ಮನಗಂಡವು. ಕಿಂಡಿಗೆ ಹೆಸರು, ಪೂರ್ವನಿಗದಿತ ಬೆಲೆ, ಕನಿಷ್ಠ ಮತ್ತು ಗರಿಷ್ಠ ಮಿತಿ, ವಿವರಣೆ ಕೊಡುವ ಸೌಲಭ್ಯಗಳು ಒಂದೊಂದಾಗಿ ಬಂದವು. ಗ್ರೂಪಿನ ಗುಂಡಿಗಳನ್ನು ಮಡಚಬಹುದಾದ ಪ್ಯಾನೆಲ್‌ಗಳಾಗಿ ವಿಂಗಡಿಸುವ ಅನುಕೂಲ ಬ್ಲೆಂಡರಿಗೆ ಬಂದದ್ದು 2023ರ 4.0 ಆವೃತ್ತಿಯಲ್ಲಿ.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಈ ಬಗೆಯ ಕೆಲಸ ಬೆಳೆದದ್ದು ಬೆಂಗಳೂರಿನ ಗೇಮ್, ಅನಿಮೇಶನ್ ಮತ್ತು ವಿಎಫ್‌ಎಕ್ಸ್ (ದೃಶ್ಯಪರಿಣಾಮ) ಸ್ಟುಡಿಯೊಗಳ ಮೂಲಕ. ಭಾರತದ ಆರಂಭಿಕ ಗೇಮ್ ಸಂಸ್ಥೆಗಳಲ್ಲಿ ಒಂದಾದ ಧ್ರುವ ಇಂಟರ್‌ಆಕ್ಟಿವ್ 1997ರಲ್ಲಿ ಇಲ್ಲಿ ಶುರುವಾಯಿತು, 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡುಕೊಂಡಿತು. ಟೆಕ್ನಿಕಲರ್ ಸಮೂಹದ ಎಂಪಿಸಿ ಬೆಂಗಳೂರಿನಲ್ಲಿ ದೊಡ್ಡ ಸ್ಟುಡಿಯೊ ನಡೆಸಿತು, 2016ರ ‘ದಿ ಜಂಗಲ್ ಬುಕ್’ ಚಿತ್ರದ ದೃಶ್ಯಪರಿಣಾಮಗಳಲ್ಲಿ ಇಲ್ಲಿನ ಕಲಾವಿದರ ಪಾಲಿತ್ತು. ಕನ್ನಡದ ‘ಕೆ.ಜಿ.ಎಫ್: ಚಾಪ್ಟರ್ 1’ 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಸ್ಪೆಷಲ್ ಎಫೆಕ್ಟ್ಸ್ ಪ್ರಶಸ್ತಿ ಪಡೆದದ್ದು ಈ ಕಸುಬು ಕನ್ನಡ ಚಿತ್ರರಂಗದಲ್ಲೂ ನೆಲೆಗೊಂಡದ್ದಕ್ಕೆ ಸಾಕ್ಷಿ.

ರಾಜ್ಯ ಸರ್ಕಾರ 2012ರಲ್ಲಿ ಅನಿಮೇಶನ್, ವಿಎಫ್‌ಎಕ್ಸ್, ಗೇಮಿಂಗ್ ಮತ್ತು ಕಾಮಿಕ್ಸ್ ನೀತಿಯನ್ನು ರೂಪಿಸಿತು. ದೇಶದಲ್ಲಿ ಇಂಥ ನೀತಿ ತಂದ ಮೊದಲ ರಾಜ್ಯ ಕರ್ನಾಟಕ. ಲಲಿತಕಲಾ ಶಾಲೆಗಳಲ್ಲಿ ಡಿಜಿಟಲ್ ಕಲಾ ಕೇಂದ್ರಗಳನ್ನು ತೆರೆಯುವ ಕಾರ್ಯಕ್ರಮವೂ ನಡೆಯಿತು. ಬೆಂಗಳೂರಿನ ಆಚೆಗೂ ಕಲಾಶಿಕ್ಷಣದ ಗಟ್ಟಿ ನೆಲೆಗಳಿರುವುದರಿಂದ ಇದು ಸರಿಯಾದ ದಾರಿ. ದಾವಣಗೆರೆಯಲ್ಲಿ 1964ರಲ್ಲಿ ಆರಂಭವಾಗಿ ಈಗ ದಾವಣಗೆರೆ ವಿಶ್ವವಿದ್ಯಾಲಯದ ಭಾಗವಾಗಿರುವ ದೃಶ್ಯಕಲಾ ಮಹಾವಿದ್ಯಾಲಯ ಅಂಥ ನೆಲೆಗಳಲ್ಲಿ ಒಂದು. ಕಣ್ಣಿನ ತರಬೇತಿ ಪಡೆದ ಕಲಾವಿದರಿಗೆ ಕೋಡ್‌ಗಿಂತ ನೋಡ್ ಬೇಗ ಒಲಿಯುತ್ತದೆ.

2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಸಮೂಹ ಜಗತ್ತಿನಾದ್ಯಂತ ಕುಸಿದಾಗ ಬೆಂಗಳೂರಿನ ಕೆಲಸವೂ ನಿಂತಿತು. ಸ್ಟುಡಿಯೊದ ಒಳಗೆ ಕಟ್ಟಿದ ಗಿಜ್ಮೊಗಳೂ ಅಸೆಟ್‌ಗಳೂ ಸಂಸ್ಥೆಯ ಸೊತ್ತು. ಕೆಲಸ ಬಿಡುವ ಕಲಾವಿದರ ಜೊತೆ ಬರುವುದು ಅವುಗಳನ್ನು ಕಟ್ಟುವ ಕೌಶಲ ಮಾತ್ರ. ಮುಕ್ತ ಘಟಕಗಳ ಅಗತ್ಯಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಕನ್ನಡ ಅಕ್ಷರಗಳ ಪರೀಕ್ಷೆ

ಇಂಗ್ಲಿಷ್ ಪಠ್ಯಕ್ಕೆಂದು ಮಾಡಿದ ಘಟಕಗಳು ಕನ್ನಡದಲ್ಲಿ ಮುಗ್ಗರಿಸುವುದು ಸಾಮಾನ್ಯ. ಶೀರ್ಷಿಕೆಯ ಅಕ್ಷರಗಳು ಒಂದೊಂದಾಗಿ ಪರದೆಗೆ ಬರುವಂತೆ ಮಾಡುವ ಘಟಕಕ್ಕೆ ‘ಸ್ತ್ರೀ’ ಎಂಬ ಅಕ್ಷರವನ್ನು ಕೊಟ್ಟು ನೋಡಬಹುದು. ಓದುವವರ ಕಣ್ಣಿಗೆ ಅದು ಒಂದೇ ಅಕ್ಷರ. ಯೂನಿಕೋಡಿನಲ್ಲಿ ಅದು 6 ಸಂಕೇತಗಳ ಸರಣಿ: ಸಕಾರ, ವಿರಾಮ, ತಕಾರ, ವಿರಾಮ, ರಕಾರ, ದೀರ್ಘ ಈಕಾರ. ಘಟಕ ಸಂಕೇತಕ್ಕೊಂದರಂತೆ ಒಡೆದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ, ಅಕ್ಷರ ಓದಲಾಗದಂತೆ ಚದುರುತ್ತದೆ. ಮೊದಲು ಅಕ್ಷರ ಜೋಡಣೆ ಮುಗಿಸಿ, ಆಮೇಲೆ ಅಕ್ಷರಕ್ಕೊಂದರಂತೆ ಬೇರ್ಪಡಿಸಿದರೆ ಮಾತ್ರ ಸರಿಹೋಗುತ್ತದೆ. ಜೋಡಣೆಯ ಕೆಲಸಕ್ಕೆ ಹಾರ್ಫ್‌ಬಜ್‌ನಂಥ ಮುಕ್ತ ಲೈಬ್ರರಿಗಳಿವೆ. ನೋಡ್ ತಂತ್ರಾಂಶ ಅಂಥದೊಂದನ್ನು ಅಳವಡಿಸಿಕೊಂಡಿರಬೇಕು.

ಕನ್ನಡದ ಡಿಟಿಪಿ ಕ್ಷೇತ್ರ ಮರುಬಳಕೆಯ ತತ್ವವನ್ನು ತನ್ನದೇ ರೀತಿಯಲ್ಲಿ ಮೊದಲೇ ಬಳಸಿತ್ತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಇಡೀ ಅಕ್ಷರಗಳ ಬದಲು ಅಕ್ಷರದ ತುಣುಕುಗಳು, ಒತ್ತುಗಳು, ಸ್ವರಚಿಹ್ನೆಗಳು ಇದ್ದವು. ಕೆಲವೇ ತುಣುಕುಗಳಿಂದ ಸಾವಿರಾರು ಗುಣಿತಾಕ್ಷರ, ಸಂಯುಕ್ತಾಕ್ಷರಗಳನ್ನು ಕಟ್ಟಲಾಗುತ್ತಿತ್ತು. ವಿನ್ಯಾಸ ತಂತ್ರಾಂಶಗಳು ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸದಿದ್ದಾಗ ಮುದ್ರಣಾಲಯಗಳೂ ಫ್ಲೆಕ್ಸ್ ಅಂಗಡಿಗಳೂ ಈ ಫಾಂಟುಗಳನ್ನೇ ನೆಚ್ಚಿಕೊಂಡವು. ಆದರೆ ಹಾಗೆ ಬರೆದ ಪಠ್ಯವನ್ನು ಬೇರೆ ಫಾಂಟಿಗೆ, ಬೇರೆ ತಂತ್ರಾಂಶಕ್ಕೆ ನೇರವಾಗಿ ಒಯ್ಯಲಾಗುವುದಿಲ್ಲ. ಮರುಬಳಕೆ ಒಂದು ಗೋಡೆಯೊಳಗೆ ಉಳಿದರೆ ಆಗುವ ನಷ್ಟವನ್ನು ಕನ್ನಡದ ಅನುಭವ ಚೆನ್ನಾಗಿ ತೋರಿಸುತ್ತದೆ.

ಇತ್ತೀಚಿನ ಬೆಳವಣಿಗೆ

ಒಂದು ತಂತ್ರಾಂಶದ ಘಟಕ ಇನ್ನೊಂದರಲ್ಲೂ ನಡೆಯಬೇಕೆಂಬ ಪ್ರಯತ್ನ ಈಗ ಮುಂಚೂಣಿಗೆ ಬಂದಿದೆ. ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ 2012ರಲ್ಲಿ ಆರಂಭಿಸಿದ ‘ಮೆಟೀರಿಯಲ್‌ಎಕ್ಸ್’ 2017ರಲ್ಲಿ ಮುಕ್ತವಾಯಿತು. ಮೇಲ್ಮೈಯ ಬಣ್ಣ, ಹೊಳಪುಗಳನ್ನು ನಿರ್ಧರಿಸುವ ನೋಡ್ ಜಾಲವನ್ನು ತಂತ್ರಾಂಶದಿಂದ ತಂತ್ರಾಂಶಕ್ಕೆ ಒಯ್ಯಲು ಅದು ನೆರವಾಗುತ್ತದೆ. ಪಿಕ್ಸಾರ್ 2016ರಲ್ಲಿ ಮುಕ್ತಗೊಳಿಸಿದ ‘ಯುಎಸ್‌ಡಿ’ ಇಡೀ ದೃಶ್ಯದ ವಿವರಣೆಗೆ ಇದೇ ಅನುಕೂಲ ಒದಗಿಸುತ್ತದೆ. ಯೂನಿಟಿ, ಅನ್‌ರಿಯಲ್‌ನಂಥ ಗೇಮ್ ಎಂಜಿನ್‌ಗಳಲ್ಲೂ ನೋಡ್ ಜಾಲ ಮತ್ತು ಉಪಜಾಲಗಳು ಮಾಮೂಲಾಗಿವೆ.

ಕನ್ನಡದ ಮಟ್ಟಿಗೆ ಮುಂದಿನ ಕೆಲಸ ಮೂರು ಬಗೆಯದು: ಘಟಕಗಳ ಗುಂಡಿಗಳಿಗೂ ವಿವರಣೆಗೂ ಕನ್ನಡದ ಹೆಸರು ಕೊಡುವುದು, ಪಠ್ಯವನ್ನು ಬಳಸುವ ಪ್ರತಿಯೊಂದು ಘಟಕವನ್ನೂ ಒತ್ತಕ್ಷರಗಳಿಂದ ಪರೀಕ್ಷಿಸುವುದು, ಹೀಗೆ ಗಟ್ಟಿಯಾದ ಘಟಕಗಳನ್ನು ಮುಕ್ತ ಪರವಾನಗಿಯಲ್ಲಿ ಹಂಚುವುದು. ಇವಕ್ಕೆ ದೊಡ್ಡ ಬಂಡವಾಳ ಬೇಡ. ಬ್ಲೆಂಡರ್ ಕಲಿತ ಒಂದು ಕಾಲೇಜಿನ ತಂಡ ಈ ಕೆಲಸ ಮಾಡಬಲ್ಲದು, ಅದು ಕಟ್ಟಿದ ಶೀರ್ಷಿಕೆಯ ಘಟಕ ಇಡೀ ನಾಡಿನ ಸಿನಿಮಾ, ಸುದ್ದಿವಾಹಿನಿ ಮತ್ತು ಪಾಠದ ವಿಡಿಯೊಗಳಿಗೆ ಒದಗಬಲ್ಲದು.