ಎಂಜಿನ್ನಿನ ಪುಡಿ

ನಮ್ಮ ಮನೆಯ ಗಾಜಿನ ಬೀರುವಿನಲ್ಲಿ ಒಂದು ಆಟದ ರೈಲು ಎಂಜಿನ್ನೂ ಅದರ ಪಕ್ಕದಲ್ಲಿ ಇನ್ನೊಂದು ಎಂಜಿನ್ನಿನ ಪುಡಿಯೂ ಇವೆ. ಎರಡೂ ಎರಡನೆಯ ಮಹಾಯುದ್ಧಕ್ಕೆ ಮುಂಚೆ ವಿಲಾಯಿತಿಯಿಂದ ಬಂದವು. ಮೊದಲನೆಯದು ತಗಡಿನದು, ಕೀಲಿ ಕೊಟ್ಟರೆ ಓಡುತ್ತದೆ. ಮೂರು ತಲೆಮಾರಿನ ಮಕ್ಕಳ ಕೈಯಲ್ಲಿ ಅದು ಉರುಳದ ಮೆಟ್ಟಿಲಿಲ್ಲ. ಎರಡನೆಯದು ಲೋಹದ ಎರಕದ್ದು, ಬಲು ಅಂದವಾದದ್ದು. ಬೆಲೆಯುಳ್ಳದ್ದೆಂದು ತಾತನವರು ಅದನ್ನು ಡಬ್ಬಿಯಲ್ಲೇ ಜೋಪಾನ ಮಾಡಿದರು. ನಮ್ಮ ತಂದೆಯವರು ಒಮ್ಮೆಯೂ ಅದನ್ನು ಓಡಿಸಲಿಲ್ಲ. ಈಚೆಗೆ ನಾನು ಡಬ್ಬಿ ತೆರೆದು ಕೈಗೆತ್ತಿಕೊಂಡೆ. ಎಂಜಿನ್ ಒಣ ಸಂಡಿಗೆಯಂತೆ ಮುರಿದು ಉದುರಿತು. ತಯಾರಿಸಿದವರ ಹೆಸರು ಇಲ್ಲಿ ಬೇಡ. ಆ ದೋಷ ಅವರೊಬ್ಬರದೇ ಆಗಿರಲಿಲ್ಲ.

ಜರ್ಮನಿಯ ಗ್ಯೋಪಿಂಗೆನ್ ಊರಿನಲ್ಲಿ 1859ರಲ್ಲಿ ಹುಟ್ಟಿದ ಮೆರ್ಕ್ಲಿನ್ ಕಂಪನಿ ಮೊದಲು ಬೊಂಬೆಮನೆಯ ತಗಡಿನ ಸಾಮಾನು ಮಾಡುತ್ತಿತ್ತು. 1891ರ ಲೈಪ್‌ಜಿಗ್ ಜಾತ್ರೆಗೆ ಅದು ಹಳಿಯ ಮೇಲೆ ಓಡುವ ಕೀಲಿರೈಲನ್ನು ತಂದು, ಹಳಿಯ ಅಗಲಕ್ಕೆ ಇಂತಿಷ್ಟೆಂಬ ಅಳತೆಗಳನ್ನು ಗೊತ್ತುಮಾಡಿತು. ಈ ವರ್ಷ ಎಂಜಿನ್ ಕೊಂಡವನು ಮುಂದಿನ ವರ್ಷ ಬೋಗಿ ಕೊಂಡು ಜೋಡಿಸಬಹುದು! ಆಟಿಕೆಯ ಜೊತೆಗೆ, ನಾಳೆಯೂ ನಿಮ್ಮ ಕೈಬಿಡೆವು ಎಂಬ ಮಾತನ್ನೂ ಕಂಪನಿ ಮಾರತೊಡಗಿತು. ಇಂಗ್ಲೆಂಡಿನಲ್ಲಿ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ಕೀಲಿರೈಲುಗಳನ್ನು ತಂದರು.

ತಗಡಿನ ರೈಲಿನ ಗುಣ ಕಣ್ಣಿಗೆ ಕಾಣುವಂಥದು. ನೆಗ್ಗಿದರೆ ನೇರ ಮಾಡಬಹುದು, ಬಿಟ್ಟುಹೋದರೆ ಬೆಸೆಯಬಹುದು. ಆದರೆ 1930ರ ದಶಕದಲ್ಲಿ ರೈಲುಗಳು ಚಿಕ್ಕವಾದವು. ಮೆರ್ಕ್ಲಿನ್ 1935ರಲ್ಲೂ, ಹಾರ್ನ್‌ಬಿಯವರು 'ಡಬ್ಲೊ' ಎಂಬ ಹೆಸರಿನಲ್ಲಿ 1938ರಲ್ಲೂ ತಂದ ರೈಲುಗಳ ಹಳಿಯ ಅಗಲ 16.5 ಮಿಲಿಮೀಟರು ಮಾತ್ರ. ಚಿಕ್ಕ ಎಂಜಿನ್ನಿಗೆ ತೂಕವೂ ಬೇಕು, ನಯವಾದ ಕೆತ್ತನೆಯೂ ಬೇಕು. ಸತುವಿನ ಮಿಶ್ರಲೋಹವನ್ನು ಕರಗಿಸಿ ಅಚ್ಚಿಗೆ ಒತ್ತಿದರೆ ಎರಡೂ ಸಿಕ್ಕುತ್ತವೆ.

ಅಪಾಯವಿದ್ದದ್ದು ಅಲ್ಲಿಯೇ. ಸತುವಿನಲ್ಲಿ ಸೀಸ ಒಂದಿಷ್ಟು ಬೆರೆತರೂ ಅದು ಲೋಹದ ಹರಳುಗಳ ಸಂದಿನಲ್ಲಿ ಕೂರುತ್ತದೆ. ಗಾಳಿಯ ತೇವ ಆ ಸಂದನ್ನು ಒಳಗೊಳಗೇ ತಿನ್ನುತ್ತದೆ. ಎರಕ ಊದಿಕೊಳ್ಳುತ್ತದೆ, ಬಿರಿಯುತ್ತದೆ, ಪುಡಿಯಾಗುತ್ತದೆ. ಇದಕ್ಕೆ ಮದ್ದು ಅಂದೇ ತಿಳಿದಿತ್ತು. ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿ 1929ರಲ್ಲಿಯೇ ನೂರಕ್ಕೆ 99.99ರಷ್ಟು ಶುದ್ಧವಾದ ಸತುವಿನಿಂದ 'ಜಮಕ್' ಎಂಬ ಮಿಶ್ರಲೋಹಗಳನ್ನು ಸಿದ್ಧಪಡಿಸಿತ್ತು. ಆದರೂ ಹಾರ್ನ್‌ಬಿ ಡಬ್ಲೊ ಸೇರಿದಂತೆ ಯುದ್ಧಪೂರ್ವದ ಎಷ್ಟೋ ಆಟಿಕೆಗಳಿಗೆ ಈ ರೋಗ ತಗಲಿತು. ಒಂದೇ ಹೆಸರು ಹೊತ್ತ ಎರಡು ಎಂಜಿನ್‌ಗಳಲ್ಲಿ ಒಂದು ಉಳಿದಿದೆ, ಇನ್ನೊಂದು ಉದುರಿದೆ. ಆಯಾ ದಿನ ಕುಲುಮೆಗೆ ಬಿದ್ದ ಲೋಹದ ಮೇಲೆ ಅವುಗಳ ಆಯುಸ್ಸು ನಿಂತಿತ್ತು.

ಹಾಗಾದರೆ ಹಳೆಯ ಎಂಜಿನ್ ಕೊಳ್ಳುವವರು ಯಾವುದನ್ನು ನಂಬಬೇಕು? ಹೊಳೆಯುವ ಡಬ್ಬಿಯನ್ನಂತೂ ಅಲ್ಲ, ಬೆಳ್ಳಗಿರುವುದೆಲ್ಲ ಹಾಲಲ್ಲ. ಎಂಜಿನ್ನನ್ನು ಮಗುಚಿ ಹಿಡಿದು ಅಡಿಯ ಎರಕವನ್ನೂ ಗಾಲಿಗಳನ್ನೂ ನೋಡಬೇಕು. ಜೇಡರಬಲೆಯಂಥ ಸಣ್ಣ ಬಿರುಕಾಗಲಿ ಊತವಾಗಲಿ ಕಂಡರೆ ಕೆಳಗಿಡುವುದೇ ಲೇಸು. ಆಮೇಲೆ ವಿಚಾರಿಸಬೇಕಾದದ್ದು, ಬಿಡಿಭಾಗ ಸಿಕ್ಕುತ್ತವೆಯೇ ಎಂಬುದನ್ನು.

ಕಂಪನಿಯ ಆಯುಸ್ಸೂ ವಸ್ತುವಿನ ಆಯುಸ್ಸೂ ಒಂದೇ ಅಲ್ಲ. ಹಾರ್ನ್‌ಬಿಯವರ ಲಿವರ್‌ಪೂಲ್ ಕಾರ್ಖಾನೆ 1979ರಲ್ಲಿ ಮುಚ್ಚಿತು. ಮೆರ್ಕ್ಲಿನ್ 2009ರಲ್ಲಿ ದಿವಾಳಿಯ ಅರ್ಜಿ ಹಾಕಿ, 2013ರಲ್ಲಿ ಬೇರೊಬ್ಬರ ಕೈಸೇರಿ ಬದುಕಿತು. ಅವರ ಹಳೆಯ ರೈಲುಗಳು ಮಾತ್ರ ಎಷ್ಟೋ ಮನೆಗಳಲ್ಲಿ ಇನ್ನೂ ಓಡುತ್ತಿವೆ.

ತಾತನವರ ಜೋಪಾನ ವ್ಯರ್ಥವಾಯಿತೆಂಬುದಕ್ಕಿಂತ, ಅದಕ್ಕಾಗಿ ತಂದೆಯವರು ಆಟ ಬಿಟ್ಟುಕೊಟ್ಟರಲ್ಲ ಎಂದು ನನಗೆ ನೋವು. ಒಳಗೆ ಸೀಸ ಬೆರೆತದ್ದು ಇಬ್ಬರಿಗೂ ತಿಳಿದಿರಲಿಲ್ಲ. ಮೊನ್ನೆ ಮೊಮ್ಮಗ ಬೀರುವಿನ ಮುಂದೆ ನಿಂತು ತಗಡಿನ ಎಂಜಿನ್ ಕೇಳಿದ. ಬೀಳಿಸಿಯಾನೆಂಬ ಭಯವಿದ್ದರೂ ತೆಗೆದುಕೊಟ್ಟೆ. ಅವನು ಬೀಳಿಸಿಯೇ ಬಿಟ್ಟ. ಎತ್ತಿ ಕೀಲಿ ಕೊಟ್ಟೆವು, ಓಡಿತು.