ಹೈ ಲೈನ್

ನ್ಯೂಯಾರ್ಕಿನ ಮ್ಯಾನ್‌ಹಟನ್ ಪಶ್ಚಿಮದಲ್ಲಿ, ಬೀದಿಗಿಂತ ಸುಮಾರು 9 ಮೀಟರ್ ಎತ್ತರದಲ್ಲಿ, ಹಳೆಯ ರೈಲುಹಳಿಯ ಮೇಲೆ ಬೆಳೆಸಿದ ಸಾರ್ವಜನಿಕ ಉದ್ಯಾನ. ಉದ್ದ ಸುಮಾರು 2.3 ಕಿ.ಮೀ.

1934ರಲ್ಲಿ ಶುರುವಾದ ಈ ಮೇಲುಹಾದಿಯಲ್ಲಿ ಮಾಂಸ, ಹಾಲು ಹೊತ್ತ ಗೂಡ್ಸ್ ಗಾಡಿಗಳು ನೇರ ಕಟ್ಟಡಗಳೊಳಕ್ಕೇ ಹೋಗುತ್ತಿದ್ದವು. ಲಾರಿಗಳು ಹೆಚ್ಚಿ, 1980ರಲ್ಲಿ ಓಡಾಟ ನಿಂತಿತು. ಹಳಿಗಳ ನಡುವಿನ ಜಲ್ಲಿಯಲ್ಲಿ ಹುಲ್ಲು, ಕಾಡುಹೂ ತಾವಾಗಿ ಮೊಳೆತವು. ಕೆಡವಿಬಿಡಿ ಎಂಬ ಒತ್ತಾಯ ಜೋರಾಗಿದ್ದಾಗ, 1999ರಲ್ಲಿ ನೆರೆಹೊರೆಯ ಜೋಶುವಾ ಡೇವಿಡ್ ಮತ್ತು ರಾಬರ್ಟ್ ಹ್ಯಾಮಂಡ್ 'ಫ್ರೆಂಡ್ಸ್ ಆಫ್ ದ ಹೈ ಲೈನ್' ಕಟ್ಟಿ ಹೋರಾಡಿದರು. ಹಳೆಯ ಹಾದಿ ಉದ್ಯಾನವಾಗಿ ಉಳಿದದ್ದು ಇವರಂಥವರ ಹಟದಿಂದ. ಇಂದಿಗೂ ಅದನ್ನು ನೋಡಿಕೊಳ್ಳುವುದು ಆ ಸಂಸ್ಥೆಯೇ.

ಮೊದಲ ಭಾಗ 2009ರಲ್ಲಿ ತೆರೆಯಿತು. ಗಿಡಗಳನ್ನು ಆರಿಸಿದ ಪೀಟ್ ಔಡಾಲ್ಫ್ ಹಳಿಗಳ ನಡುವೆ ತಾವಾಗಿ ಬೆಳೆದಿದ್ದ ಕಾಡುಗಿಡಗಳನ್ನೇ ಮಾದರಿಯಾಗಿಟ್ಟುಕೊಂಡರು. ಕಾಂಕ್ರೀಟ್ ಹಲಗೆಗಳ ಸಂದಿನಿಂದ ಹುಲ್ಲು ಇಣುಕುತ್ತದೆ. ಒಣಗಿದ ತೆನೆಗಳನ್ನು ಚಳಿಗಾಲ ಮುಗಿಯುವವರೆಗೂ ಕತ್ತರಿಸುವುದಿಲ್ಲ.

ಆದರೆ ಉದ್ಯಾನ ಬಂದ ಮೇಲೆ ಸುತ್ತಲಿನ ಮನೆಗಳ ಬೆಲೆ, ಬಾಡಿಗೆ ಗಗನಕ್ಕೇರಿದವು.